ಕೆರೆಯ ಬಾಯಲ್ಲಿ ಒಂದು ರಾಜಧಾನಿ

ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿ ಲಿಪಿಯ ಚರಿತ್ರೆಯನ್ನು ಪಾಠ ಹೇಳುವಾಗ ನಾನು ಪ್ರತಿವರ್ಷವೂ ಒಂದು ಸಣ್ಣ ಮೋಸ ಮಾಡುತ್ತೇನೆ. ಬರ್ಮಾ ದೇಶದ ಒಂದು ಹಳೆಯ ಶಾಸನದ ಚಿತ್ರವನ್ನು ಮೇಜಿನ ಮೇಲಿಟ್ಟು, ಏನೂ ತಿಳಿಸದೆ, "ಓದಿ, ನೋಡೋಣ" ಎನ್ನುತ್ತೇನೆ. ಹುಡುಗರು ಬಗ್ಗಿ ನೋಡುತ್ತಾರೆ. ದುಂಡುದುಂಡಾದ ಅಕ್ಷರಗಳು, ಒಬ್ಬನಿಗೆ ಅಲ್ಲೊಂದು ಗಕಾರ ಕಂಡಂತಾಗುತ್ತದೆ, ಇನ್ನೊಬ್ಬಳಿಗೆ ಸೊನ್ನೆ ಸಿಗುತ್ತದೆ. "ಹಳಗನ್ನಡವೇ ಇರಬೇಕು ಸಾರ್, ಅದಕ್ಕೇ ಅರ್ಥವಾಗುವುದಿಲ್ಲ" ಎಂದು ಹಿಂದಿನ ಬೆಂಚಿನಿಂದ ತೀರ್ಪು ಬರುತ್ತದೆ. ಆಮೇಲೆ ನಿಜ ಹೇಳುತ್ತೇನೆ. ಬರ್ಮೀಯರು ತಮ್ಮ ಲಿಪಿಯನ್ನು ಮೋನ್ ಎಂಬ ಜನರಿಂದ ಪಡೆದರು. ಮೋನರಿಗೆ ಅದು ದಕ್ಷಿಣ ಭಾರತದಿಂದ ಹೋಯಿತು. ಹೋದದ್ದು ಪಲ್ಲವರ ಲಿಪಿಯೋ ಕದಂಬರ ಲಿಪಿಯೋ ಎಂಬ ವಿಷಯದಲ್ಲಿ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಅಂತೂ ಆ ಅಕ್ಷರಗಳು ನಮ್ಮವಕ್ಕೆ ದೂರದ ದಾಯಾದಿಗಳೆಂಬುದರಲ್ಲಿ ಸಂದೇಹವಿಲ್ಲ.

ಈ ಸಲ ಮೋಸ ತಿರುಗಿ ನನ್ನ ಮೇಲೆಯೇ ಬಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು "ಇದು ಯಾವ ಊರಿನದು ಸಾರ್?" ಎಂದಳು. ಆವಾ ಎಂದೆ. "ಆ ಊರನ್ನು ಯಾರು ಕಟ್ಟಿದರು?" ಥಡೊ ಮಿನ್‌ಬ್ಯಾ ಎಂಬ ದೊರೆ, 1365ರಲ್ಲಿ. "ಆಗ ಅವನಿಗೆ ಎಷ್ಟು ವಯಸ್ಸು?" ಕರಿಹಲಗೆಯ ಮೇಲೆ ಲೆಕ್ಕ ಹಾಕಿದೆ. 1345ರ ಡಿಸೆಂಬರಿನಲ್ಲಿ ಹುಟ್ಟಿದವನು. 1365ರ ಫೆಬ್ರವರಿಯಲ್ಲಿ ನಗರದ ಸ್ಥಾಪನೆ. ಹತ್ತೊಂಬತ್ತು! ತರಗತಿ ಗೊಳ್ಳೆಂದು ನಕ್ಕಿತು. ಅಲ್ಲಿ ಕುಳಿತಿದ್ದವರೆಲ್ಲರಿಗೂ ಅದೇ ವಯಸ್ಸು. "ಅವನು ರಾಜಧಾನಿ ಕಟ್ಟಿದ, ನಾವು ಇನ್ನೂ ಪರೀಕ್ಷೆ ಫೀಜು ಕಟ್ಟುತ್ತಿದ್ದೇವೆ" ಎಂದಿತು ಹಿಂದಿನ ಬೆಂಚು. ನಗು ಅಡಗಿದ ಮೇಲೆ ಆ ಹುಡುಗಿ ಕೊನೆಯ ಪ್ರಶ್ನೆ ಕೇಳಿದಳು: "ಒಳ್ಳೆಯವನಾಗಿದ್ದನೆ ಸಾರ್?"

ಪುಣ್ಯಕ್ಕೆ ಗಂಟೆ ಹೊಡೆಯಿತು. ಆದರೆ ಪ್ರಶ್ನೆ ನನ್ನೊಡನೆ ಮನೆಗೆ ಬಂತು.

ಬರ್ಮಾದ ಚರಿತ್ರೆಯನ್ನು ಓದಹೊರಟವನಿಗೆ ಮೊದಲು ಅಡ್ಡ ಬರುವುದು ಹೆಸರುಗಳು. ಆದರೆ ಒಂದು ಗುಟ್ಟು ತಿಳಿದರೆ ಅರ್ಧ ಕಷ್ಟ ಹೋಗುತ್ತದೆ. ಪಾಳಿಯ ಸಕಾರ ಬರ್ಮೀಯರ ಬಾಯಲ್ಲಿ ಥಕಾರದಂತೆ ಕೇಳಿಸುತ್ತದೆ, ರಕಾರ ಯಕಾರವಾಗುತ್ತದೆ. ಅವರು ಬಖೈರನ್ನು 'ಯಾಜವಿನ್' ಎನ್ನುತ್ತಾರೆ. ಅದು ನಮ್ಮ 'ರಾಜವಂಶ'ವೇ. 'ಥಿಹಪತಿ' ಎಂದರೆ ಸಿಂಹಪತಿ. ಏಪ್ರಿಲ್ ತಿಂಗಳಲ್ಲಿ ಅವರು ನೀರೆರಚಿ ಆಡುವ 'ಥಿಂಜಾನ್' ಹಬ್ಬ ನಮ್ಮ ಸಂಕ್ರಾಂತಿಯ ಹೆಸರನ್ನೇ ಹೊತ್ತಿದೆ. ಊರುಗಳಿಗೂ ಹೀಗೆಯೇ ಎರಡೆರಡು ಹೆಸರು: ಒಂದು ಆಡುವ ಹೆಸರು, ಇನ್ನೊಂದು ಶಾಸನದ ಹೆಸರು. ಪಗಾನ್ ಅರಿಮರ್ದನಪುರ, ಪಿನ್ಯಾ ವಿಜಯಪುರ, ಸಗೈಂಗ್ ಜಯಪುರ, ನಮ್ಮ ಕಥೆಯ ಆವಾ ರತ್ನಪುರ.

ಅರಿಗಳನ್ನು ಮರ್ದಿಸಬೇಕಾದ ಅರಿಮರ್ದನಪುರ ಮರ್ದನಕ್ಕೆ ತಾನೇ ಗುರಿಯಾದದ್ದು 13ನೆಯ ಶತಮಾನದ ಕೊನೆಯಲ್ಲಿ. 1044ರಲ್ಲಿ ಪಟ್ಟವೇರಿದ ಅನೋರಥನ ಕಾಲದಿಂದ ಬೆಳೆದು ಬಂದ ಆ ರಾಜ್ಯ ಕಟ್ಟಿದ ಗುಡಿ, ಸ್ತೂಪಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಇಂದಿಗೂ ನಿಂತಿವೆ. ದೊರೆಗಳೂ ಶ್ರೀಮಂತರೂ ಪುಣ್ಯದ ಆಸೆಗೆ ಗದ್ದೆಗಳನ್ನು ವಿಹಾರಗಳಿಗೆ ಬಿಟ್ಟುಕೊಟ್ಟರು. ವಿಹಾರದ ಭೂಮಿಗೆ ತೆರಿಗೆಯಿಲ್ಲ. ಬೊಕ್ಕಸ ಬತ್ತಿತು. ಆ ಹೊತ್ತಿಗೆ ಸರಿಯಾಗಿ ಕುಬ್ಲಾಯಿ ಖಾನನ ಮಂಗೋಲ್ ದಂಡು ಉತ್ತರದಿಂದ ಇಳಿಯಿತು. ಆಗಿನ ದೊರೆ ನರಥಿಹಪತಿ, ಅಂದರೆ ನರಸಿಂಹಪತಿ, ಹೆಸರಿಗೆ ತಕ್ಕಂತೆ ಗರ್ಜಿಸದೆ ದಕ್ಷಿಣಕ್ಕೆ ಓಡಿದ. 'ಚೀನರಿಗೆ ಹೆದರಿ ಓಡಿದ ದೊರೆ' ಎಂಬ ಬಿರುದೇ ಅವನಿಗೆ ಶಾಶ್ವತವಾಯಿತು. 1287ರಲ್ಲಿ ಅವನನ್ನು ಹೆತ್ತ ಮಗನೇ ಕೊಲ್ಲಿಸಿದ.

ಅಲ್ಲಿಂದ ಮುಂದೆ ಮೂವರು ದಂಡನಾಯಕ ಸೋದರರು ನಡುನಾಡನ್ನು ಕೈಗೆ ತೆಗೆದುಕೊಂಡರು. ಅವರಲ್ಲಿ ಕಿರಿಯವನಾದ ಥಿಹತು 1313ರಲ್ಲಿ ಪಿನ್ಯಾವನ್ನು ರಾಜಧಾನಿ ಮಾಡಿಕೊಂಡ. ಎರಡೇ ವರ್ಷದಲ್ಲಿ ಅವನ ಮಗ ಸೋ ಯುನ್ ಹೊಳೆಯ ಆಚೆ ದಡದ ಸಗೈಂಗಿನಲ್ಲಿ ಬೇರೆ ಒಲೆ ಹೂಡಿದ. ಮಧ್ಯೆ ಐರಾವತಿ ನದಿ. ಈಚೆ ವಿಜಯಪುರ, ಆಚೆ ಜಯಪುರ. ಒಂದೇ ಮನೆತನದ ಎರಡು ಕವಲು ಸುಮಾರು ಐವತ್ತು ವರ್ಷ ಒಂದನ್ನೊಂದು ದುರುಗುಟ್ಟಿಕೊಂಡು ನೋಡುತ್ತ ಕುಳಿತವು. ಆಸ್ತಿ ಪಾಲಾದ ಮನೆಯ ಅಂಗಳದಲ್ಲಿ ಗೋಡೆ ಎದ್ದ ಮೇಲೆ ಏನಾಗುತ್ತದೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಸಗೈಂಗಿನ ರಾಜಕುಮಾರಿಯೊಬ್ಬಳ ಮಗ ನಮ್ಮ ಕಥಾನಾಯಕ. ತಾಯಿ ಸೋ ಯುನನ ಮಗಳು. ತಂದೆ ಉತ್ತರದ ಟಗೌಂಗ್ ಮನೆತನದವನು. ತಮ್ಮ ಮೂಲಪುರುಷ ಕಪಿಲವಸ್ತುವಿನಿಂದ ಬಂದ ಶಾಕ್ಯನೆಂದು ಆ ಮನೆತನದವರು ಹೇಳಿಕೊಳ್ಳುತ್ತಿದ್ದರು. ಅದಕ್ಕೆ ಒಪ್ಪುವಂತೆ ಮಗುವಿಗೆ ರಾಹುಲನೆಂದು ಹೆಸರಿಟ್ಟರು. ಬುದ್ಧನ ಮಗನ ಹೆಸರು. ಹೆಸರಿಡುವಾಗ ತಂದೆತಾಯಿಗಳು ಏನೆಂದುಕೊಂಡಿದ್ದರೋ! ತಾಯಿ ಮುಂದೆ ಇನ್ನೊಬ್ಬ ಥಿಹಪತಿಯನ್ನು ಕೈಹಿಡಿದಳು. 1352ರಲ್ಲಿ ಅವನು ಸಗೈಂಗಿಗೆ ದೊರೆಯಾದ. ರಾಹುಲನು ಮಲತಂದೆಯ ಕೈಕೆಳಗೆ ಗಡಿಯ ಟಗೌಂಗಿನ ಅಧಿಕಾರಿಯಾದ.

ಗಡಿಯಾಚೆಯ ಮೌ ಶಾನರು ಆ ವರ್ಷಗಳಲ್ಲಿ ಮೇಲಿಂದ ಮೇಲೆ ದಾಳಿಯಿಡುತ್ತಿದ್ದರು. 1363ರಲ್ಲಿ ಟಗೌಂಗ್ ಬಿತ್ತು. ರಾಹುಲ ಜೀವ ಉಳಿಸಿಕೊಂಡು ಸಗೈಂಗಿಗೆ ಬಂದರೆ, ಊರು ಕಳೆದುಕೊಂಡು ಬಂದ ತಪ್ಪಿಗೆ ಮಲತಂದೆ ಅವನನ್ನು ಸೆರೆಗೆ ತಳ್ಳಿದನೆಂದು ಬಖೈರು ಹೇಳುತ್ತದೆ. ಇದೇ ಸಮಯವೆಂದು ಪಿನ್ಯಾದ ದೊರೆ ನರಥು ಒಂದು ಉಪಾಯ ಹೂಡಿದ. ದಾಯಾದಿಯನ್ನು ಮುಗಿಸಲು ಮೌ ಶಾನರನ್ನೇ ಕರೆದ. ಅವರು 1364ರಲ್ಲಿ ಬಂದರು. ಸಗೈಂಗನ್ನು ಸೂರೆ ಮಾಡಿದರು. ಥಿಹಪತಿ ಊರು ಬಿಟ್ಟು ಓಡಿದ. ಆಮೇಲೆ ಶಾನರು, ಕರೆದವನು ಮಾತಿನಂತೆ ನೆರವಿಗೆ ಬರಲಿಲ್ಲವೆಂದು, ಹೊಳೆ ದಾಟಿ ಪಿನ್ಯಾವನ್ನೂ ಸೂರೆ ಮಾಡಿ ನರಥುವನ್ನೇ ಹೊತ್ತೊಯ್ದರು. 'ಮೌಗಳು ಒಯ್ದ ನರಥು' ಎಂದು ಇವನಿಗೂ ಒಂದು ಬಿರುದು. ಬರ್ಮಾದ ಜನ ಸೋತ ದೊರೆಗಳಿಗೆ ಹೆಸರಿಡುವುದರಲ್ಲಿ ದಾಕ್ಷಿಣ್ಯ ತೋರಿಸುವವರಲ್ಲ.

ಶಾನರು ಸೂರೆಯನ್ನು ಹೊತ್ತು ಹಿಂತಿರುಗಿದಾಗ ಎರಡು ರಾಜಧಾನಿಗಳೂ ಬೂದಿಯಾಗಿದ್ದುವು. ಆ ಬೂದಿಯೊಳಗಿನಿಂದ ಹದಿನೆಂಟು ವರ್ಷದ ರಾಹುಲ ಎದ್ದು ಬಂದ. ಮೊದಲು ಮಲತಂದೆಯನ್ನು ಕೊಲ್ಲಿಸಿ ಸಗೈಂಗಿನ ಪಟ್ಟವೇರಿ ಥಡೊ ಮಿನ್‌ಬ್ಯಾ ಎನಿಸಿಕೊಂಡ. ಕೆಲವೇ ತಿಂಗಳಲ್ಲಿ ಹೊಳೆ ದಾಟಿ, ಪಿನ್ಯಾದಲ್ಲಿ ಆಗತಾನೇ ಗದ್ದುಗೆ ಹತ್ತಿದ್ದವನನ್ನೂ ಕೊಂದ. ಅಲ್ಲಿಯ ಪಟ್ಟದರಾಣಿ ಸೋ ಒಮ್ಮಾಳನ್ನು ತಾನು ಪಟ್ಟದರಾಣಿ ಮಾಡಿಕೊಂಡ. ಪಿನ್ಯಾದ ಕೊನೆಯ ಮೂವರು ದೊರೆಗಳಿಗೂ ಅವಳೇ ರಾಣಿ, ಇವನು ನಾಲ್ಕನೆಯವನು. ಗದ್ದುಗೆಯ ಜೊತೆಗೆ ಗದ್ದುಗೆಯ ಪಕ್ಕದ ಹೆಣ್ಣೂ ಕೈ ಬದಲಾಯಿಸುತ್ತಿದ್ದ ಕಾಲ. ಅವಳನ್ನು ಯಾರೂ ಕೇಳಿರಲಾರರು.

ಇಷ್ಟೇ ಆಗಿದ್ದರೆ ಇಂಥ ದೊರೆಗಳು ಚರಿತ್ರೆಯಲ್ಲಿ ಹೇರಳವಾಗಿದ್ದಾರೆಂದು ಪುಸ್ತಕ ಮಡಿಸಿಡಬಹುದಾಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಮುಂದಿನ ಹೆಜ್ಜೆ. ಗೆದ್ದವನು ಸಾಮಾನ್ಯವಾಗಿ ತನ್ನ ಊರಿನಲ್ಲಿ ಕುಳಿತು ಸೋತ ಊರನ್ನು ಆಳುತ್ತಾನೆ. ಇವನಿಗೆ ತಾಯಿಯ ಮನೆ ಸಗೈಂಗು, ಅಲ್ಲಿಯೇ ಇರಬಹುದಾಗಿತ್ತು. ಇದ್ದಿದ್ದರೆ ಪಿನ್ಯಾದವರು ಇನ್ನೈವತ್ತು ವರ್ಷ ಹಲ್ಲು ಕಡಿಯುತ್ತಿದ್ದರು. ಪಿನ್ಯಾಕ್ಕೆ ಹೋಗಿದ್ದರೆ ಸಗೈಂಗಿನವರು ಕಡಿಯುತ್ತಿದ್ದರು. ಈ ಹುಡುಗ ಎರಡನ್ನೂ ಬಿಟ್ಟು, ಯಾರದೂ ಅಲ್ಲದ ಒಂದು ಜೌಗು ನೆಲವನ್ನು ಆರಿಸಿಕೊಂಡ.

ಆ ನೆಲ ಎಂಥದೆಂದು ನೋಡಬೇಕು. ಉತ್ತರದಿಂದ ಬರುವ ಐರಾವತಿ ಅಲ್ಲಿ ಪಶ್ಚಿಮಕ್ಕೆ ಹೊರಳುತ್ತದೆ. ಆ ತಿರುವಿನಲ್ಲಿ ಪೂರ್ವದ ಬೆಟ್ಟಗಳಿಂದ ಬರುವ ಇನ್ನೊಂದು ಹೊಳೆ ಬಂದು ಕೂಡುತ್ತದೆ. ಅದರ ಹೆಸರು ಮಿಟ್‌ಙೆ, ಎಂದರೆ ಕಿರುಹೊಳೆ. (ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಙಕಾರಕ್ಕೆ ಬರ್ಮೀಯರ ನಾಡಿನಲ್ಲಿ ಕೈತುಂಬ ಕೆಲಸ!) ಎರಡು ನೀರುಗಳ ನಡುವಿನ ಮೂಲೆಯಲ್ಲಿ ಕೆರೆ, ಕುಂಟೆ, ಕೆಸರು. ಊರಿನ ಹೆಸರೇ ಅದನ್ನು ಹೇಳುತ್ತದೆ. ಬರ್ಮೀಯರು ಇಂದಿಗೂ ಅದನ್ನು 'ಇನ್ವಾ' ಎನ್ನುತ್ತಾರೆ; ಇನ್ ಎಂದರೆ ಕೆರೆ, ವಾ ಎಂದರೆ ಬಾಯಿ. ಪರದೇಶದವರ ನಾಲಗೆಯಲ್ಲಿ ಅದು ಆವಾ ಆಯಿತು. ಥಡೊ ಮಿನ್‌ಬ್ಯಾ ಜೌಗಿನ ನೀರು ಬಸಿಸಿ, ಹಳ್ಳಗಳನ್ನು ತುಂಬಿಸಿ, 1365ರ ಫೆಬ್ರವರಿ 26ರಂದು ಆ ಕೆರೆಬಾಯಿಯಲ್ಲಿ ತನ್ನ ರತ್ನಪುರವನ್ನು ನೆಲೆಗೊಳಿಸಿದ. ಮೂರು ಕಡೆ ನೀರು ಕಾವಲು. ಎದುರು ದಡದಲ್ಲಿ ಸಗೈಂಗು, ಹಿಂಬದಿಗೆ ಕೆಲವೇ ಮೈಲಿಗಳಲ್ಲಿ ಪಿನ್ಯಾ. ಎರಡು ಊರಿನವರೂ ಹೊಸ ಊರಿಗೆ ಹೊಸಬರಾಗಿಯೇ ಬಂದರು.

ಕಾವಲಿಗಿಂತ ದೊಡ್ಡ ಕಾರಣ ಅಕ್ಕಿ. ಬರ್ಮಾ ಎಂದರೆ ಮಳೆಯ ನಾಡೆಂದು ನಾವು ತಿಳಿದಿದ್ದೇವೆ. ಅದು ಕಡಲ ಕಡೆಯ ಮಾತು. ನಡುನಾಡು ಅರಕಾನ್ ಬೆಟ್ಟಗಳ ಮಳೆಯ ಮರೆಯಲ್ಲಿದೆ; ನಮ್ಮ ಬಯಲುಸೀಮೆಯಂತೆಯೇ ಮುಗಿಲು ನೋಡುವ ನಾಡು. ಅಲ್ಲಿ ನೆಚ್ಚಿಕೊಳ್ಳಬಹುದಾದ ಗದ್ದೆಗಳೆಂದರೆ ಚೌಕ್‌ಸೆ ಸೀಮೆಯವು. ಆ ಹೆಸರಿಗೆ ಕಲ್ಲುಕಟ್ಟೆ ಎಂದರ್ಥ. ಪಗಾನಿನ ಕಾಲದಿಂದಲೂ ಬೆಟ್ಟದ ತೊರೆಗಳಿಗೆ ಕಟ್ಟೆ ಹಾಕಿ, ಕಾಲುವೆ ಎಳೆದು ಬೆಳೆ ತೆಗೆಯುತ್ತಿದ್ದ ಸೀಮೆ ಅದು. ಪಗಾನ್ ಊಟ ಮಾಡಿದ್ದೂ ಅಲ್ಲಿಯ ಅಕ್ಕಿಯನ್ನೇ. ಆ ಅಕ್ಕಿಯ ದೋಣಿಗಳು ಮಿಟ್‌ಙೆ ಹೊಳೆಯಲ್ಲಿ ತೇಲಿ ಬಂದು ಐರಾವತಿಗೆ ಸೇರುವ ಬಾಯಲ್ಲಿಯೇ ಆವಾ ಇದೆ. ಚೌಕ್‌ಸೆಯ ಕಣಜ ಯಾರ ಕೈಯಲ್ಲಿದೆಯೋ ನಡುನಾಡು ಅವರದು. ಕಣಜದ ಬಾಗಿಲಿಗೇ ಈ ಹುಡುಗ ಮನೆ ಕಟ್ಟಿದ. ಯಾವ ಮುದಿ ಮಂತ್ರಿ ಹೇಳಿಕೊಟ್ಟನೋ, ತಾನೇ ಕಂಡುಕೊಂಡನೋ. ಹತ್ತೊಂಬತ್ತು ವರ್ಷದವನ ಕಣ್ಣಿಗೆ ಅದು ಬಿತ್ತೆಂಬುದೇ ಸೋಜಿಗ.

ಇನ್ನು ಅವನ ಕ್ರೌರ್ಯದ ಮಾತು. ದಕ್ಷಿಣದ ಸಾಮಂತರಲ್ಲಿ ಹಲವರು ಹೊಸ ದೊರೆಗೆ ತಲೆಬಾಗಲಿಲ್ಲ. ಉಳಿದ ಎರಡು ವರ್ಷ ಅವನು ಕುದುರೆಯಿಂದ ಇಳಿದದ್ದೇ ಕಡಮೆ. ಟೌಂಗ್‌ಡ್ವಿನ್ ಊರಿನ ಕೋಟೆ ಮಣಿಯದಿದ್ದಾಗ, ಹಿಂದೆ ತಾನು ಕ್ಷಮಿಸಿದ್ದ ಙಾ ಟೆಟ್ ಪ್ಯಾ ಎಂಬ ಹೆಸರಾಂತ ಕಳ್ಳನನ್ನು ಒಳಗೆ ನುಗ್ಗಿಸಿ ಅಲ್ಲಿಯ ಒಡೆಯನನ್ನು ಕೊಲ್ಲಿಸಿದನಂತೆ. ಕೊಂದ ಶತ್ರುವಿನ ಎದೆಯ ಮೇಲೆ ತಟ್ಟೆಯಿಟ್ಟು ಊಟ ಮಾಡಿದನೆಂಬುದೂ ಒಂದು ಕಥೆ. ಆ ಕಳ್ಳ ಇಂದಿಗೂ ಬರ್ಮೀಯರ ಕಥೆಗಳಲ್ಲಿ ಜನಪ್ರಿಯ, ದೊರೆಯಲ್ಲ.

ಇವುಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು? ನನ್ನ ಕಸುಬು ಕಾವ್ಯ ಪಾಠ ಹೇಳುವುದು. ಆಶ್ರಯದಾತನ ಹೆಸರು ಬಂದ ಕಡೆ ಒಂದು ಕ್ಷಣ ನಿಂತು, 'ಇದನ್ನು ಬರೆಸಿದವನು ಯಾರು?' ಎಂದು ಕೇಳಿಕೊಳ್ಳುವುದು ನಮ್ಮ ಅಭ್ಯಾಸ. ಈ ಕಥೆಗಳನ್ನೆಲ್ಲ ಹೆಣೆದುಕೊಟ್ಟ ದೊಡ್ಡ ಬಖೈರು ಊ ಕಲಾ ಎಂಬಾತ 1724ರಲ್ಲಿ ಬರೆದ ಮಹಾ ಯಾಜವಿನ್. ಥಡೊ ಮಿನ್‌ಬ್ಯಾ ಸತ್ತು ಮುನ್ನೂರೈವತ್ತು ವರ್ಷವಾದ ಮೇಲೆ. ಅರಮನೆಯ ವಿದ್ವಾಂಸರು 1829ರಲ್ಲಿ ಆರಂಭಿಸಿದ ಹ್ಮನ್ನಾನ್ ಬಖೈರು ಇನ್ನೂ ಈಚಿನದು. ಇವನಿಗೆ ಮಕ್ಕಳಿರಲಿಲ್ಲ, ಗದ್ದುಗೆ ಬೇರೆ ಕವಲಿಗೆ ಹೋಯಿತು. ಹಿಂದಿನವನು ರಾಕ್ಷಸನಾಗಿದ್ದಷ್ಟೂ ಮುಂದೆ ಬಂದವರಿಗೆ ಲಾಭ. ಹಾಗೆಂದು ಅವನನ್ನು ತೊಳೆದು ಬೆಳ್ಳಗೆ ಮಾಡಲು ನಾನು ಹೊರಟಿಲ್ಲ. ತಟ್ಟೆಯ ಕಥೆ ಸುಳ್ಳಿರಬಹುದು, ಮಲತಂದೆಯ ಕೊಲೆ ಸುಳ್ಳಲ್ಲ.

1367ರಲ್ಲಿ ಅವನು ಐರಾವತಿಯ ಪಶ್ಚಿಮಕ್ಕಿರುವ ಸಗು ಎಂಬ ಊರಿಗೆ ಮುತ್ತಿಗೆ ಹಾಕಿದ್ದಾಗ ಪಾಳೆಯದಲ್ಲಿಯೇ ಸಿಡುಬು ಎದ್ದಿತು. ನಮ್ಮ ಅಜ್ಜಿಯ ಮುಖದ ತುಂಬ ಸಿಡುಬಿನ ಕಲೆಗಳಿದ್ದುವು. "ಚಿಕ್ಕಂದಿನಲ್ಲಿ ಅಮ್ಮ ಬಂದಿದ್ದಳು" ಎನ್ನುತ್ತಿದ್ದರೇ ಹೊರತು ರೋಗದ ಹೆಸರನ್ನು ಎತ್ತುತ್ತಿರಲಿಲ್ಲ. 1980ರಲ್ಲಿ ಆ ಪಿಡುಗು ಭೂಮಿಯಿಂದಲೇ ತೊಲಗಿತೆಂದು ಸಾರಿದರು. ಇಂದಿನ ಹುಡುಗರಿಗೆ ಅದರ ಹೆದರಿಕೆ ಏನೆಂಬುದೇ ಗೊತ್ತಿಲ್ಲ. ಎರಡು ರಾಜ್ಯಗಳನ್ನು ನುಂಗಿದವನನ್ನು ಅದು ಕೆಲವೇ ದಿನಗಳಲ್ಲಿ ನುಂಗಿತು. ಇಪ್ಪತ್ತೆರಡು ಇನ್ನೂ ತುಂಬಿರಲಿಲ್ಲ.

ಸಾಯುವ ಮುನ್ನ ಅವನು ಕೊಟ್ಟ ಕೊನೆಯ ಅಪ್ಪಣೆಯ ಕಥೆಯನ್ನು ಬಖೈರು ಬಿಡದೆ ಹೇಳುತ್ತದೆ. ತನ್ನ ರಾಣಿ ಮತ್ತೊಬ್ಬನ ಕೈ ಸೇರಬಾರದೆಂದು, ಙಾ ನು ಎಂಬ ಭಂಟನನ್ನು ಕರೆದು, ಆವಾಕ್ಕೆ ಹೋಗಿ ಸೋ ಒಮ್ಮಾಳನ್ನು ಕೊಂದು ಬಾ ಎಂದನಂತೆ. ಕತ್ತಿ ಹಿಡಿದು ಬಂದ ಙಾ ನು ಅವಳನ್ನು ಕಂಡು ಮನಸ್ಸು ಬದಲಾಯಿಸಿದ. ಇಬ್ಬರೂ ಕೂಡಿಕೊಂಡು ಹೊಳೆ ದಾಟಿ ಸಗೈಂಗಿಗೆ ಹೋದರು. ಬಖೈರಿನವರಿಗೆ ಇದು ಹೆಣ್ಣಿನ ಮೋಹಜಾಲದ ಕಥೆ. ನನಗೆ ಹಾಗೆ ತೋರುವುದಿಲ್ಲ. ನಾಲ್ಕು ಸಲ ಗದ್ದುಗೆಯ ಜೊತೆ ಸಾಮಾನಿನಂತೆ ಕೈ ಬದಲಾಯಿಸಿದವಳು, ಐದನೆಯ ಸಲ ಕತ್ತಿಯೇ ಬಾಗಿಲಿಗೆ ಬಂದಾಗ, ತನ್ನ ಜೀವವನ್ನು ತಾನೇ ಉಳಿಸಿಕೊಂಡಳು, ಅಷ್ಟೆ.

ಮಂತ್ರಿಗಳು ಪಟ್ಟವನ್ನು ಯಾಮೆಥಿನ್ ಊರಿನ ಥಿಲಾವನಿಗೆ ಕೊಡಹೋದರು. ಥಿಲಾವ ಎಂದರೆ ಶೀಲವಂತ, ಮಿತಭಾಷಿ. ದಿನಕ್ಕೆ ನಾಲ್ಕು ಮಾತಾಡದ ತನಗೆ ಅರಸುತನ ಒಗ್ಗದೆಂದು ಅವನು ಹೇಳಿ, ತನ್ನ ಭಾವಮೈದುನ ಸ್ವಾ ಸೋ ಕೆಯನ್ನು ತೋರಿಸಿದನಂತೆ. ರಾಜಕಾರಣದಲ್ಲಿ ಇಂಥ ಉತ್ತರ ಅಪರೂಪ. ಸ್ವಾ ಸೋ ಕೆ 1400ರ ತನಕ, ಮೂವತ್ತಮೂರು ವರ್ಷ, ಆಳಿದ. ಆವಾ ರಾಜ್ಯ ನಿಜವಾಗಿ ರಾಜ್ಯವೆನಿಸಿದ್ದು ಅವನ ಕೈಯಲ್ಲಿ. ಆದರೆ ಅವನೂ ಊರನ್ನು ಬದಲಾಯಿಸಲಿಲ್ಲ.

ಮುಂದಿನವರ ಮಾತೂ ಅದೇ. 1527ರಲ್ಲಿ ಶಾನರು ಆವಾವನ್ನು ಸುಟ್ಟರು; ಆಮೇಲೆ ಅಲ್ಲಿಯೇ ಕುಳಿತು ಆಳಿದರು. 1555ರಲ್ಲಿ ಟೌಂಗೂ ಮನೆತನದ ಬಯಿನ್ನೌಂಗ್ ಅದನ್ನು ಗೆದ್ದು ದಕ್ಷಿಣದ ಪೆಗುವಿನಿಂದ ಆಳಿದ. ಅದೇ ಮನೆತನದ ಥಾಲುನ್ 1635ರಲ್ಲಿ ಕಡಲ ಕಡೆಯ ಸಿರಿಯನ್ನೆಲ್ಲ ಬಿಟ್ಟು ರಾಜಧಾನಿಯನ್ನು ಮತ್ತೆ ಆವಾಕ್ಕೆ ತಂದ. 1752ರಲ್ಲಿ ಮೋನರು ಹಾಳು ಮಾಡಿದರು. 1765ರಲ್ಲಿ ಮತ್ತೆ ರಾಜಧಾನಿಯಾಯಿತು. ಊರು ಬಿದ್ದಾಗಲೆಲ್ಲ ಅಕ್ಕಿಯ ದೋಣಿಗಳು ಅದನ್ನು ಎತ್ತಿ ನಿಲ್ಲಿಸಿದುವು. ಹತ್ತಿರದ ಅಮರಪುರ ರಾಜಧಾನಿಯಾಗಿದ್ದ 1795ರಲ್ಲಿ ಅಲ್ಲಿಗೆ ಬಂದ ಇಂಗ್ಲಿಷರ ರಾಯಭಾರಿ ಮೈಕೇಲ್ ಸೈಮ್ಸ್, ತನ್ನ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲಿ ದೇಶವನ್ನು 'ಆವಾ ರಾಜ್ಯ'ವೆಂದೇ ಕರೆದ.

ಈ ರಾಜ್ಯವನ್ನು ಫೇರ್ ಮೊದಲಾದ ಇಂಗ್ಲಿಷ್ ಚರಿತ್ರೆಕಾರರು ಶಾನರ ಆಳ್ವಿಕೆಯ ಕಾಲವೆಂದು, ಪಗಾನಿನ ಬೆಳಕು ಆರಿದ ಮೇಲಿನ ಕತ್ತಲೆಯೆಂದು ಬರೆದರು. ಮೂವರು ಸೋದರರು ಶಾನರೆಂಬುದಕ್ಕೆ ಶಾಸನಗಳಲ್ಲಿ ಆಧಾರವೇ ಇಲ್ಲವೆಂದು ಮೈಕೇಲ್ ಔಂಗ್-ಥ್ವಿನ್ 1996ರಲ್ಲಿ ವಾದಿಸಿದರು. ಚರಿತ್ರೆಯ ವಾದ ಚರಿತ್ರೆಯವರಿಗಿರಲಿ. ಭಾಷೆಯ ಮೇಷ್ಟರಾದ ನನಗೆ ಕತ್ತಲೆಯೆಂಬ ಮಾತು ಬೇರೆ ಕಾರಣಕ್ಕೆ ಒಪ್ಪಿಗೆಯಾಗುವುದಿಲ್ಲ. ಬರ್ಮೀ ಭಾಷೆಯ ಕಾವ್ಯ ಕೊನರಿ ಹೂಬಿಟ್ಟದ್ದು ಈ ಆವಾದ ದೊರೆಗಳ ಕಾಲದಲ್ಲಿ. ಶಿನ್ ಥಿಲವುಂಥ, ಶಿನ್ ರಟ್ಟಥಾರ ಎಂಬ ಇಬ್ಬರು ಭಿಕ್ಷುಗಳು, ಎಂದರೆ ಶೀಲವಂಶ, ರಾಷ್ಟ್ರಸಾರ, 15 ಮತ್ತು 16ನೆಯ ಶತಮಾನಗಳ ಸಂಧಿಯಲ್ಲಿ ಜಾತಕ ಕಥೆಗಳನ್ನು ಪಾಳಿಯಿಂದ ತೆಗೆದು ಮನೆಮಾತಿನ ಕಾವ್ಯ ಮಾಡಿದರು. ಆ ಥಿಲವುಂಥನೇ ದೇಶಭಾಷೆಯಲ್ಲಿ ಒಂದು ಬಖೈರನ್ನೂ ಬರೆದ. ತಾಯ್ನುಡಿಯಲ್ಲಿ ಬರೆದರೆ ಕೀಳಲ್ಲವೆಂದು ಒಂದು ಜನ ಧೈರ್ಯ ತಂದುಕೊಂಡ ಕಾಲ ಕತ್ತಲೆಯೆಂದರೆ ನಾನು ಹೇಗೆ ಒಪ್ಪಲಿ?

ಮರುದಿನ ತರಗತಿಯಲ್ಲಿ ಆ ಹುಡುಗಿಗೆ ಹೇಳಿದೆ: "ಒಳ್ಳೆಯವನಲ್ಲಮ್ಮ. ಆದರೆ ಜಾಗ ಒಳ್ಳೆಯದನ್ನು ಆರಿಸಿದ." ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. "ಹಾಗಾದರೆ ಊರಿನ ಪುಣ್ಯ ಯಾರದು ಸಾರ್?" ಎಂದಳು. ಜೌಗಿನಲ್ಲಿ ಮಂಡಿಯುದ್ದ ನಿಂತು ಕೆಸರು ಹೊತ್ತವರು ನೆನಪಿಗೆ ಬಂದರು. ಅವರಲ್ಲಿ ಒಬ್ಬರ ಹೆಸರೂ ಯಾವ ಬಖೈರಿನಲ್ಲಿಯೂ ಇಲ್ಲ.

1839ರ ಮಾರ್ಚಿನಲ್ಲಿ ಬಂದ ಭೂಕಂಪ ಆವಾವನ್ನು ಕೆಡವಿತು. ರಾಜಧಾನಿ ಅಮರಪುರಕ್ಕೆ, ಅಲ್ಲಿಂದ 1857ರಲ್ಲಿ ಹೊಸದಾಗಿ ಕಟ್ಟಿದ ಮಂಡಾಲೆಗೆ ಹೋಯಿತು. ಆವಾಕ್ಕೆ ಮತ್ತೆ ಬರಲಿಲ್ಲ. ಹಳೆಯ ಕೋಟೆಯೊಳಗೆ ಈಗ ಹಳ್ಳಿಗಳೂ ಹೊಲಗದ್ದೆಗಳೂ ಇವೆ. ಆದರೆ 1934ರಲ್ಲಿ ಐರಾವತಿಗೆ ಸೇತುವೆ ಕಟ್ಟಹೊರಟ ಇಂಗ್ಲಿಷ್ ಇಂಜಿನಿಯರುಗಳು ಉದ್ದಕ್ಕೂ ಹುಡುಕಿ, ಕೊನೆಗೆ ಬಂದು ನಿಂತದ್ದು ಸಗೈಂಗಿಗೂ ಆವಾಕ್ಕೂ ನಡುವೆಯೇ. 1942ರಲ್ಲಿ ಜಪಾನೀಯರಿಗೆ ಸಿಗಬಾರದೆಂದು ತಾವೇ ಅದನ್ನು ಸಿಡಿಸಿ ಹೋದರು, 1954ರಲ್ಲಿ ಸರಿಪಡಿಸಲಾಯಿತು. ಬಹುಕಾಲ ಆ ಮಹಾನದಿಗೆ ಇದ್ದದ್ದು ಅದೊಂದೇ ಸೇತುವೆ. 2025ರ ಮಾರ್ಚ್ 28ರಂದು ಮತ್ತೆ ಭೂಮಿ ನಡುಗಿದಾಗ ಅದರ ಕಮಾನುಗಳು ಒಂದೊಂದಾಗಿ ನೀರಿಗೆ ಬಿದ್ದುವು. ಆ ಚಿತ್ರ ನಮ್ಮ ಪತ್ರಿಕೆಗಳಲ್ಲಿಯೂ ಬಂದಿತ್ತು. ಕತ್ತರಿಸಿ, ಶಾಸನದ ಚಿತ್ರವಿರುವ ಲಕೋಟೆಯಲ್ಲಿಯೇ ಇಟ್ಟಿದ್ದೇನೆ; ಮುಂದಿನ ವರ್ಷದ ತರಗತಿಗೆ ಎರಡನ್ನೂ ತೋರಿಸಬೇಕು.